ಸೂತ್ರ ಕಾಣದ ಗೊಂಬೆ

ಕನ್ನಡದಲ್ಲಿ ‘ಸೂತ್ರ’ ಎಂಬ ಶಬ್ದಕ್ಕೆ ಎರಡು ಪ್ರಸಿದ್ಧವಾದ ಅರ್ಥಗಳಿವೆ. ಗೊಂಬೆಯಾಡಿಸುವವನ ಬೆರಳಿಗೂ ಗೊಂಬೆಯ ಕೈಕಾಲಿಗೂ ನಡುವೆ ಇರುವ ದಾರ ಒಂದು ಸೂತ್ರ. ಭೌತಶಾಸ್ತ್ರದ ಪುಸ್ತಕದಲ್ಲಿ ಚೌಕಟ್ಟಿನೊಳಗೆ ಅಚ್ಚಾಗಿರುವ, ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ಗಣಿತವಾಕ್ಯ ಇನ್ನೊಂದು ಸೂತ್ರ. ಮೊದಲನೆಯದು ಗೊಂಬೆಯನ್ನು ಕುಣಿಸುತ್ತದೆ. ಎರಡನೆಯದು ವಿದ್ಯಾರ್ಥಿಯನ್ನೇ ಕುಣಿಸುತ್ತದೆ ಎಂದರೆ ಹೆಚ್ಚೇನೂ ತಪ್ಪಾಗದು. ಈ ಎರಡು ಸೂತ್ರಗಳೂ ಒಂದೆಡೆ ಕೂಡುವ ಸಂದರ್ಭವೊಂದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಭೌತಶಾಸ್ತ್ರದ ತರಗತಿಯಲ್ಲಿ ಹುಡುಗ ಹುಡುಗಿಯರು ಕೂಡಿ, ದೂರದಿಂದ ನಡೆಸಬಹುದಾದ ಒಂದು ರೋಬಾಟನ್ನು ಕಟ್ಟಿ ಪರೀಕ್ಷಿಸುವ ಸಂದರ್ಭ ಅದು.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ಕಂಡವರಿಗೆ ಗೊತ್ತು: ಗೊಂಬೆಯ ಒಂದೊಂದು ಅಂಗಕ್ಕೂ ಒಂದೊಂದು ದಾರ, ಒಂದೊಂದು ದಾರಕ್ಕೂ ಅದರದೇ ಕೆಲಸ. ದೂರನಿಯಂತ್ರಣದ ಯಂತ್ರವೂ ಇಂಥದೇ ಒಂದು ಗೊಂಬೆ. ಆದರೆ ಅದರ ದಾರ ಕಣ್ಣಿಗೆ ಕಾಣದು. ‘ರೋಬಾಟ್’ ಎಂಬ ಹೆಸರಂತೂ ವಿಜ್ಞಾನಿಗಳ ಕೊಡುಗೆಯಲ್ಲ, ನಾಟಕಕಾರನ ಕೊಡುಗೆ. ಝೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಬರೆದ ‘ಆರ್.ಯು.ಆರ್.’ ಎಂಬ ನಾಟಕದಲ್ಲಿ ಈ ಶಬ್ದ ಮೊದಲು ಕಾಣಿಸಿಕೊಂಡಿತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಝೆಕ್ ಭಾಷೆಯಲ್ಲಿ ‘ರೋಬೋಟ’ ಎಂದರೆ ರೈತ ತನ್ನ ಧಣಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ದುಡಿಮೆ. ನಮ್ಮ ಹಳ್ಳಿಗಳ ‘ಬಿಟ್ಟಿ’ ಎಂಬ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ಅಂತೂ ಹುಟ್ಟಿನಲ್ಲೇ ಈ ಹೆಸರಿಗೆ ಆಳು ಮತ್ತು ಅರಸರ ಸಂಬಂಧದ ನೆರಳು ಅಂಟಿಕೊಂಡಿದೆ. ತರಗತಿಯಲ್ಲಿ ನಡೆಯುವ ಸ್ವಾರಸ್ಯವೆಂದರೆ, ಆಳಾಗಿ ಬರಬೇಕಾದ ಯಂತ್ರ ಕೆಲವೇ ದಿನಗಳಲ್ಲಿ ಮೇಷ್ಟರಾಗಿಬಿಡುವುದು.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ರೋಬಾಟ್ ಎಂದೊಡನೆ ಮನುಷ್ಯನ ಮುಖ, ಮಿನುಗುವ ಕಣ್ಣು, ಲೋಹದ ಕೈ ಇವೆಲ್ಲ ನೆನಪಿಗೆ ಬರುವುದು ಸಹಜ. ತರಗತಿಯ ರೋಬಾಟಿಗೆ ಈ ಆಡಂಬರ ಯಾವುದೂ ಇಲ್ಲ. ಒಂದು ಪ್ಲೈವುಡ್ ಹಲಗೆ, ಅದರ ಎರಡು ಪಕ್ಕಗಳಲ್ಲಿ ಎರಡು ಮೋಟಾರುಗಳು, ಒಂದೊಂದು ಮೋಟಾರಿಗೂ ಒಂದೊಂದು ರಬ್ಬರಿನ ಗಾಲಿ, ಮುಂದೆ ಎತ್ತ ಬೇಕಾದರೂ ಹೊರಳುವ ಪುಟ್ಟದೊಂದು ಗಾಲಿ, ಮೇಲೆ ಬ್ಯಾಟರಿ, ಬ್ಯಾಟರಿಯ ಪಕ್ಕದಲ್ಲಿ, ದೂರದ ಅಪ್ಪಣೆಯನ್ನು ಹಿಡಿದುಕೊಂಡು ಮೋಟಾರಿಗೆ ತಲುಪಿಸುವ ಚಿಕ್ಕದೊಂದು ಗ್ರಾಹಕ. ಇಷ್ಟೇ ಅದರ ಸಂಸಾರ. ಕಟ್ಟುನಿಟ್ಟಾಗಿ ಹೇಳುವುದಾದರೆ, ತಾನೇ ಸುತ್ತಮುತ್ತ ನೋಡಿ, ತಾನೇ ನಿರ್ಧರಿಸಿ, ತಾನೇ ನಡೆಯುವ ಯಂತ್ರ ಮಾತ್ರ ರೋಬಾಟ್ ಎನಿಸಿಕೊಳ್ಳಬೇಕು. ಇನ್ನೊಬ್ಬರ ಬೆರಳಿನ ಅಪ್ಪಣೆಯಂತೆ ನಡೆಯುವುದು ಗೊಂಬೆಯೇ ಸರಿ. ಈ ತಕರಾರು ನ್ಯಾಯವಾದದ್ದು. ಆದರೆ ಗೊಂಬೆ ಎಲ್ಲಿ ಮುಗಿಯುತ್ತದೆ, ರೋಬಾಟ್ ಎಲ್ಲಿ ಮೊದಲಾಗುತ್ತದೆ ಎಂಬುದು ಕಟ್ಟಿ ನಡೆಸಿ ನೋಡಿದ ಮೇಲೆ ತಾನಾಗಿಯೇ ತಿಳಿಯುವ ಸಂಗತಿ. ಅದನ್ನು ಆಮೇಲೆ ನೋಡೋಣ.

ಹಲಗೆಯ ಮೇಲೆ ಬ್ಯಾಟರಿಯನ್ನು ಎಲ್ಲಿ ಇಡಬೇಕು? ತೀರ ಸಾಧಾರಣವಾದ ಪ್ರಶ್ನೆ. ಮಕ್ಕಳು ಮೊದಲು ಅದನ್ನು ಜಾಗ ಇದ್ದ ಕಡೆ ಇಡುತ್ತಾರೆ. ತೀರ ಹಿಂದಕ್ಕೆ ಇಟ್ಟರೆ, ಇಳಿಜಾರನ್ನು ಹತ್ತುವಾಗ ಯಂತ್ರ ಮುಂಗಾಲೆತ್ತಿ ಅಂಗಾತ ಬೀಳುತ್ತದೆ. ತೀರ ಮುಂದಕ್ಕೆ ಇಟ್ಟರೆ, ಓಡಿಸುವ ಗಾಲಿಗಳ ಮೇಲೆ ಭಾರ ಸಾಲದೆ ಅವು ನಿಂತಲ್ಲೇ ಜಾರುತ್ತ ತಿರುಗುತ್ತವೆ. ಗುರುತ್ವ ಕೇಂದ್ರ ಎಂಬ ಮಾತನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದವರು, ಬ್ಯಾಟರಿಯನ್ನು ಎರಡು ಬೆರಳಗಲ ಹಿಂದೆ ಮುಂದೆ ಸರಿಸಿದಾಗ ಮೊದಲ ಸಲ ಅದನ್ನು ಕೈಯಿಂದ ಮುಟ್ಟುತ್ತಾರೆ. ಘರ್ಷಣೆ ಎಂದರೆ ಚಲನೆಗೆ ವಿಘ್ನ ಎಂದು ಪಾಠದಲ್ಲಿ ಬರೆದುಕೊಂಡಿರುತ್ತಾರೆ. ನುಣುಪಾದ ಮೊಸಾಯಿಕ್ ನೆಲದ ಮೇಲೆ ಗಾಲಿ ಜಾರಿದಾಗಲೇ ಘರ್ಷಣೆಯಿಲ್ಲದೆ ನಡಿಗೆಯೂ ಇಲ್ಲ ಎಂಬ ಇನ್ನರ್ಧ ಸತ್ಯ ಗೊತ್ತಾಗುವುದು.

ಯಂತ್ರ ತಿರುಗುವ ಬಗೆ ಇನ್ನೂ ಸ್ವಾರಸ್ಯದ್ದು. ಮೋಟಾರು ಕಾರಿನಂತೆ ಇದಕ್ಕೆ ಚುಕ್ಕಾಣಿ ಇಲ್ಲ. ಎತ್ತಿನ ಬಂಡಿ ಹೊಡೆದವರಿಗೆ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ಬಲಕ್ಕೆ ತಿರುಗಬೇಕಾದರೆ ಬಲದ ಎತ್ತಿನ ಹಗ್ಗ ಬಿಗಿಹಿಡಿದು ಎಡದ ಎತ್ತನ್ನು ಮುಂದೆ ಬಿಡುತ್ತಾರೆ; ಬಂಡಿ ಬಲಕ್ಕೆ ಹೊರಳುತ್ತದೆ. ಇಲ್ಲಿ ಎರಡು ಮೋಟಾರುಗಳೇ ಎರಡು ಎತ್ತುಗಳು. ಬಲದ ಮೋಟಾರು ನಿಂತು ಎಡದ್ದು ಓಡಿದರೆ ಯಂತ್ರ ಬಲಕ್ಕೆ ತಿರುಗುತ್ತದೆ. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಓಡಿದರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಎತ್ತು ಹಾಗೆ ಹಿಮ್ಮೆಟ್ಟಿ ನಡೆಯಲು ಒಪ್ಪುವುದಿಲ್ಲವಷ್ಟೆ.

ಮೋಟಾರಿನ ಸ್ವಭಾವವನ್ನೂ ತಿಳಿಯಬೇಕು. ಚಿಕ್ಕ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬಲ್ಲದು. ಆದರೆ ಅದರ ಕಡ್ಡಿಯನ್ನು ಎರಡು ಬೆರಳಿಂದ ಹಿಡಿದರೆ ನಿಂತುಬಿಡುತ್ತದೆ. ವೇಗ ಹೆಚ್ಚು, ತಿರುಚುವ ಬಲ ಕಡಿಮೆ. ಹಲ್ಲುಗಾಲಿಗಳನ್ನು ಜೋಡಿಸಿ ವೇಗವನ್ನು ಕಳೆದುಕೊಂಡರೆ ಆ ಬಲವನ್ನು ಗಳಿಸಬಹುದು. ನಿಮಿಷಕ್ಕೆ ೬೦೦೦ ಸುತ್ತನ್ನು ೧೦೦ ಸುತ್ತಿಗೆ ಇಳಿಸಿದರೆ ತಿರುಚುವ ಬಲ ಸುಮಾರು ೬೦ ಪಟ್ಟು ಏರಬೇಕು. ಹಲ್ಲುಗಳ ತಿಕ್ಕಾಟದಲ್ಲಿ ಒಂದಷ್ಟು ಕರಗಿಹೋಗುತ್ತದೆ. ಪ್ರಕೃತಿಯ ಅಂಗಡಿಯಲ್ಲಿ ಪುಕ್ಕಟೆಯಾಗಿ ಏನೂ ಸಿಕ್ಕುವುದಿಲ್ಲ. ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯಬೇಕು. ಶಕ್ತಿ ಸಂರಕ್ಷಣೆಯ ನಿಯಮವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಗಾಲಿಯ ಅಡ್ಡಳತೆ ೭ ಸೆಂಟಿಮೀಟರ್ ಆದರೆ ಒಂದು ಸುತ್ತಿಗೆ ಯಂತ್ರ ೨೨ ಸೆಂಟಿಮೀಟರ್ ಸಾಗುತ್ತದೆ. ೧೦೦ ಸುತ್ತಿಗೆ ೨೨ ಮೀಟರ್. ಅಂದರೆ ೫ ಮೀಟರ್ ಉದ್ದದ ಪಡಸಾಲೆಯನ್ನು ಅದು ೧೪ ಸೆಕೆಂಡಿನೊಳಗೆ ದಾಟಬೇಕು. ಈ ‘ಬೇಕು’ ಎಂಬ ಮಾತನ್ನು ನೆನಪಿನಲ್ಲಿಡಿ.

ಇನ್ನು ಬ್ಯಾಟರಿ. ಎಷ್ಟೋ ತರಗತಿಗಳಲ್ಲಿ ರೋಬಾಟ್ ಮೊದಲ ಸಲ ಮುಷ್ಕರ ಹೂಡುವುದು ಇಲ್ಲಿಯೇ. ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಹಾಕುತ್ತಿದ್ದ ೯ ವೋಲ್ಟಿನ ಚೌಕ ಬ್ಯಾಟರಿ ಹಗುರ, ಅಗ್ಗ, ಎಲ್ಲ ಅಂಗಡಿಗಳಲ್ಲೂ ಸಿಕ್ಕುವಂಥದು. ಮಕ್ಕಳು ಅದನ್ನೇ ತಂದು ಜೋಡಿಸುತ್ತಾರೆ. ಅಳೆದು ನೋಡಿದರೆ ೯ ವೋಲ್ಟ್ ಸರಿಯಾಗಿಯೇ ಇದೆ. ಗುಂಡಿ ಒತ್ತಿದರೆ ಮಾತ್ರ ಮೋಟಾರು ಒಮ್ಮೆ ನರಳಿ ಸುಮ್ಮನಾಗುತ್ತದೆ. ಕಾರಣವೇನು? ಬ್ಯಾಟರಿಯ ಒಳಗೇ ಒಂದು ರೋಧವಿದೆ. ಅದು ೨೦ ಓಮ್ ಎಂದಿಟ್ಟುಕೊಳ್ಳೋಣ. ಆಗ ಆ ಬ್ಯಾಟರಿ ಏನೇ ಮಾಡಿದರೂ ಅರ್ಧ ಆಂಪಿಯರಿಗಿಂತ ಹೆಚ್ಚು ವಿದ್ಯುತ್ತನ್ನು ಹೊರಕ್ಕೆ ಕೊಡಲಾರದು. ಮೋಟಾರಾದರೋ ನಿಂತ ಸ್ಥಿತಿಯಿಂದ ಹೊರಡುವಾಗಲೇ ಅತಿ ಹೆಚ್ಚು ಬೇಡುತ್ತದೆ. ಓಡತೊಡಗಿದ ಮೇಲೆ ಅದರೊಳಗೇ ಹುಟ್ಟುವ ಎದುರು ವಿದ್ಯುತ್ತಿನಿಂದ ಅದರ ಹಸಿವು ತಗ್ಗುತ್ತದೆ. ಓಮನ ನಿಯಮವನ್ನು ನೂರು ಸಲ ಬರೆದಿದ್ದರೂ ಬ್ಯಾಟರಿಯ ಒಳರೋಧ ಎಂಬುದು ಪ್ರಶ್ನಪತ್ರಿಕೆಯ ಒಂದು ಲೆಕ್ಕ ಮಾತ್ರವಾಗಿರುತ್ತದೆ. ನಿಂತುಹೋದ ಯಂತ್ರದ ಎದುರಿಗೆ ಅದು ಮೊದಲ ಬಾರಿಗೆ ಒಂದು ವಿವರಣೆಯಾಗುತ್ತದೆ. ವಿವರಣೆ ಬೇಕು ಎಂಬ ಹಸಿವು ಹುಟ್ಟಿದ ಮೇಲೆ ಬಡಿಸಿದ ನಿಯಮ ಮಾತ್ರ ಮೈಗೆ ಹತ್ತುತ್ತದೆ.

ಒಳರೋಧ ತೀರ ಕಡಿಮೆಯಿರುವ ಲಿಥಿಯಂ ಬ್ಯಾಟರಿಗಳು ಇಂದು ಎಲ್ಲೆಲ್ಲೂ ಸಿಕ್ಕುತ್ತವೆ. ಅವು ಉದಾರಿಗಳು; ಆದರೆ ತಂತಿಗೆ ತಂತಿ ತಾಕಿದರೆ ಅದೇ ಔದಾರ್ಯ ಬೆಂಕಿಯಾಗುತ್ತದೆ. ಆದ್ದರಿಂದ ಬ್ಯಾಟರಿಗೂ ಮೋಟಾರಿಗೂ ನಡುವೆ ಒಂದು ಫ್ಯೂಸು ಇರಲೇಬೇಕು, ಬ್ಯಾಟರಿಗೆ ವಿದ್ಯುತ್ ತುಂಬುವಾಗ ಹಿರಿಯರೊಬ್ಬರು ಹತ್ತಿರ ಇರಲೇಬೇಕು ಎಂಬುದನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ.

ಈಗ ಕಾಣದ ದಾರದ ವಿಷಯ. ಈ ದಾರ ಎಂದರೆ ವಿದ್ಯುತ್ಕಾಂತ ಅಲೆ. ಈ ಭಾಷಣವನ್ನು ಕೇಳುಗರ ಬಳಿಗೆ ಒಯ್ಯುವುದೂ ಅದೇ. ಅಲೆಗಳು ಇವೆಯೆಂದು ಜರ್ಮನಿಯ ಹೈನ್ರಿಖ್ ಹರ್ಟ್ಸ್ ೧೮೮೭-೮೮ರಲ್ಲಿ ತೋರಿಸಿದ. ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿದರೆ, ದೂರದಲ್ಲಿ ಯಾವ ತಂತಿಯ ಸಂಬಂಧವೂ ಇಲ್ಲದೆ ಇಟ್ಟಿದ್ದ ಲೋಹದ ಬಳೆಯ ಸಂದಿನಲ್ಲಿ ಪುಟ್ಟದೊಂದು ಕಿಡಿ ಹಾರಿತು. ಈ ಪ್ರಯೋಗಗಳು ನಡೆದದ್ದು ಕಾರ್ಲ್ಸ್‌ರೂಹೆ ಎಂಬ ಊರಿನ ತಾಂತ್ರಿಕ ವಿದ್ಯಾಲಯದಲ್ಲಿ, ಭೌತಶಾಸ್ತ್ರದ ಪಾಠ ನಡೆಯುತ್ತಿದ್ದ ಹಾಲಿನಲ್ಲಿ.

ಅಲೆಯಿಂದ ದೂರದ ವಸ್ತುವೊಂದಕ್ಕೆ ಕೆಲಸ ಮಾಡಿಸಿ ಜನರಿಗೆ ತೋರಿಸಿದವರಲ್ಲಿ ಮೊದಲಿಗರೊಬ್ಬರು ನಮ್ಮವರೇ, ಅವರೂ ಭೌತಶಾಸ್ತ್ರದ ಅಧ್ಯಾಪಕರೇ. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಆ ನಗರದ ಟೌನ್ ಹಾಲಿನಲ್ಲಿ, ಗೋಡೆಯನ್ನು ಹಾದುಹೋದ ಅಲೆಗಳಿಂದ ದೂರದಲ್ಲಿದ್ದ ಗಂಟೆಯನ್ನು ಬಾರಿಸಿದರು, ಮದ್ದಿನ ಪುಡಿಯನ್ನು ಸಿಡಿಸಿದರು. ಅವರಿಗೆ ಸುಸಜ್ಜಿತವಾದ ಪ್ರಯೋಗಾಲಯವಿರಲಿಲ್ಲ. ತಗಡಿನ ಕೆಲಸ ಬಲ್ಲ ಸ್ಥಳೀಯ ಕುಶಲಕರ್ಮಿಯೊಬ್ಬನನ್ನು ಪಳಗಿಸಿ ಉಪಕರಣಗಳನ್ನು ಮಾಡಿಸಿಕೊಂಡರು. ಅಲೆಗಳ ಗುಣವೊಂದನ್ನು ಪರೀಕ್ಷಿಸಲು ರೈಲು ವೇಳಾಪಟ್ಟಿಯ ದಪ್ಪ ಪುಸ್ತಕದ ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನು ಸೇರಿಸಿದರು. ಇನ್ನೊಂದನ್ನು ಪರೀಕ್ಷಿಸಲು ಸೆಣಬಿನ ನಾರನ್ನು ಹುರಿಮಾಡಿ ಬಳಸಿದರು. ಭೌತಶಾಸ್ತ್ರದ ಬಡತನಕ್ಕೆ ಸಾಮಾನಿನ ಕೊರತೆಯೊಂದೇ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೂರು ವರ್ಷಗಳ ಬಳಿಕ, ೧೮೯೮ರಲ್ಲಿ, ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಒಂದು ಪುಟ್ಟ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ಯಾವ ದಾರವೂ ಇಲ್ಲದೆ ಅದನ್ನು ಓಡಿಸಿ, ತಿರುಗಿಸಿ, ಅದರ ದೀಪಗಳನ್ನು ಹೊತ್ತಿಸಿ ಆರಿಸಿ ತೋರಿಸಿದ. ಅದೇ ವರ್ಷದ ನವೆಂಬರ್ ೮ರಂದು ಅವನಿಗೆ ಅದರ ಪೇಟೆಂಟ್ ದೊರೆಯಿತು. ಇಂದಿನ ಆಟದ ಕಾರಿನಿಂದ ಹಿಡಿದು ಆಕಾಶದಲ್ಲಿ ಹಾರುವ ಡ್ರೋನಿನವರೆಗೆ ಎಲ್ಲಕ್ಕೂ ಆ ದೋಣಿಯೇ ಹಿರಿಯಜ್ಜಿ.

ತರಗತಿಯ ರೋಬಾಟಿನಲ್ಲಿ ಹರ್ಟ್ಸನ ಕಿಡಿ ಅನಿರೀಕ್ಷಿತವಾದ ರೀತಿಯಲ್ಲಿ ಮರಳಿ ಬರುತ್ತದೆ. ಯಂತ್ರ ಮೇಜಿನ ಮೇಲೆ ಗಾಲಿ ಎತ್ತಿ ಮಲಗಿರುವಾಗ ಹೇಳಿದಂತೆ ಕೇಳುತ್ತದೆ. ನೆಲಕ್ಕಿಳಿಸಿ ಭಾರ ಹೇರಿದೊಡನೆ ಹುಚ್ಚು ಹಿಡಿದಂತೆ ಆಡುತ್ತದೆ. ಮುಂದೆ ಎಂದರೆ ನಿಲ್ಲುತ್ತದೆ, ನಿಲ್ಲು ಎಂದರೆ ನಡುಗುತ್ತದೆ. ಮೋಟಾರಿನ ಒಳಗೆ ಬ್ರಷ್ಷುಗಳು ತಾಕಿ ಬಿಡುವ ಕಡೆ ಕಿಡಿಗಳು ಹಾರುತ್ತಿರುತ್ತವೆ. ಕಿಡಿ ಎಂದಮೇಲೆ ಅಲೆ. ಆ ಅಲೆ ಪಕ್ಕದಲ್ಲೇ ಇರುವ ಗ್ರಾಹಕದ ಕಿವಿಯಲ್ಲಿ ಗದ್ದಲ ಮಾಡುತ್ತದೆ. ದೂರದ ಅಪ್ಪಣೆ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮೋಟಾರಿನ ಎರಡು ತುದಿಗಳಿಗೆ ಕಾಳಿನಷ್ಟು ಗಾತ್ರದ ಒಂದು ಕೆಪಾಸಿಟರನ್ನು ಬೆಸೆದರೆ ಗದ್ದಲ ಬಹಳಮಟ್ಟಿಗೆ ಅಡಗುತ್ತದೆ. ಜೊತೆಗೆ ಇನ್ನೊಂದು ಸಂಶಯವನ್ನೂ ಪರಿಶೀಲಿಸಬೇಕು: ಭಾರ ಬಿದ್ದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆಯುವುದರಿಂದ ಬ್ಯಾಟರಿಯ ವೋಲ್ಟೇಜ್ ಕುಸಿದು ಗ್ರಾಹಕಕ್ಕೆ ಅನ್ನವಿಲ್ಲದೆ ಹೋಗಿರಬಹುದು. ಗ್ರಾಹಕಕ್ಕೆ ಬೇರೆಯೇ ಬ್ಯಾಟರಿ ಕೊಟ್ಟು ನೋಡಿದರೆ ಅಪರಾಧಿ ಯಾರೆಂದು ತಿಳಿಯುತ್ತದೆ. ಲಕ್ಷಣ ಒಂದೇ, ಕಾರಣಗಳು ಎರಡು. ಒಂದನ್ನು ಬಿಟ್ಟು ಒಂದನ್ನು ಬದಲಿಸಿ ನೋಡಿದ ಹೊರತು ತೀರ್ಮಾನ ಹೇಳಬಾರದು. ವೈದ್ಯರಿಗೂ ನ್ಯಾಯಾಧೀಶರಿಗೂ ಬೇಕಾದ ಶಿಸ್ತು ಇದು. ಹದಿನಾರು ವರ್ಷದ ಮಗು ಅದನ್ನು ಒಂದು ಕೆಟ್ಟ ಮೋಟಾರಿನಿಂದ ಕಲಿಯುತ್ತದೆ.

ಅಲ್ಲಿಗೆ ಕಟ್ಟುವ ಕೆಲಸ ಮುಗಿದು ಪರೀಕ್ಷಿಸುವ ಕೆಲಸ ಮೊದಲಾಗುತ್ತದೆ. ಹಲವರಿಗೆ ಪರೀಕ್ಷೆ ಎಂದರೆ ಯಂತ್ರ ಓಡಿತೇ ಇಲ್ಲವೇ ಎಂದು ನೋಡಿ ಚಪ್ಪಾಳೆ ತಟ್ಟುವುದು. ಭೌತಶಾಸ್ತ್ರದಲ್ಲಿ ಅದಕ್ಕೊಂದು ಕ್ರಮವಿದೆ. ಮೊದಲು ಏನಾಗಬೇಕೆಂದು ಲೆಕ್ಕ ಹಾಕಿ ಶಾಯಿಯಲ್ಲಿ ಬರೆಯಬೇಕು, ಆಮೇಲೆ ಅಳೆಯಬೇಕು. ೫ ಮೀಟರನ್ನು ೧೪ ಸೆಕೆಂಡಿನೊಳಗೆ ದಾಟಬೇಕೆಂದು ಆಗಲೇ ಲೆಕ್ಕ ಹಾಕಿದೆವಲ್ಲವೇ? ಹತ್ತು ಸಲ ಓಡಿಸಿ ಗಡಿಯಾರ ಹಿಡಿದರೆ ಹದಿನಾರು, ಹದಿನೇಳು, ಹದಿನಾರೂವರೆ ಎಂದು ಬರಬಹುದು. ಒಮ್ಮೆಯೂ ಹದಿನಾಲ್ಕು ಬಾರದು. ಲೆಕ್ಕ ತಪ್ಪೇ? ಹಾಗಲ್ಲ. ನಿಮಿಷಕ್ಕೆ ೧೦೦ ಸುತ್ತು ಎಂದು ಮೋಟಾರಿನ ಮೇಲೆ ಅಚ್ಚು ಮಾಡಿರುವುದು ಭಾರವಿಲ್ಲದೆ ತಿರುಗುವಾಗಿನ ಮಾತು. ಎರಡು ಕಿಲೋ ಭಾರವನ್ನು ಹೊತ್ತಾಗ ಅದು ನಿಧಾನಿಸಿತು. ಲೆಕ್ಕಕ್ಕೂ ಅಳತೆಗೂ ನಡುವಿನ ಈ ಎರಡೂವರೆ ಸೆಕೆಂಡಿನ ಬಿರುಕಿನಲ್ಲಿ ಇಣುಕಿ ನೋಡಿದರೆ ಇಡೀ ಯಂತ್ರಶಾಸ್ತ್ರ ಕಾಣುತ್ತದೆ. ಬಿರುಕನ್ನು ಮುಚ್ಚಿಹಾಕಿದವನಿಗೆ ಏನೂ ಕಾಣುವುದಿಲ್ಲ.

ಇನ್ನೊಂದು ಪರೀಕ್ಷೆ: ನೆಲದ ಮೇಲೆ ಸೀಮೆಸುಣ್ಣದಿಂದ ನೇರವಾದ ಗೆರೆ ಎಳೆದು, ಯಂತ್ರವನ್ನು ಅದರ ಮೇಲೆ ಬಿಡುವುದು. ಅದು ನೇರವಾಗಿ ಹೋಗುವುದೇ ಇಲ್ಲ. ಐದು ಮೀಟರಿನಲ್ಲಿ ಒಂದು ಗೇಣೋ ಎರಡು ಗೇಣೋ ಒಂದೇ ಕಡೆಗೆ ವಾಲುತ್ತದೆ. ಒಂದೇ ಪೆಟ್ಟಿಗೆಯಿಂದ ತೆಗೆದ, ಒಂದೇ ಬೆಲೆಯ, ಒಂದೇ ಹೆಸರಿನ ಎರಡು ಮೋಟಾರುಗಳು ಒಂದೇ ಅಲ್ಲ ಎಂದು ಆಗ ಗೊತ್ತಾಗುತ್ತದೆ. ಎರಡನ್ನೂ ಅದಲು ಬದಲು ಮಾಡಿ ನೋಡಬೇಕು. ವಾಲುವ ದಿಕ್ಕು ಬದಲಾದರೆ ದೋಷ ಮೋಟಾರಿನದು. ಬದಲಾಗದಿದ್ದರೆ ಗಾಲಿಯದೋ ಹಲಗೆಯದೋ ನೆಲದ ಓಟದ್ದೋ ಇರಬೇಕು. ಇಳಿಜಾರಿನ ಪರೀಕ್ಷೆಯೂ ಹಾಗೆಯೇ. ಐದು ಅಡಿ ಉದ್ದಕ್ಕೆ ಒಂದಡಿ ಏರುವ ಹಲಗೆಯ ಮೇಲೆ ಎರಡು ಕಿಲೋ ತೂಕದ ಯಂತ್ರ ಹತ್ತುವುದೆಂದರೆ ೪೦೦ ಗ್ರಾಂ ತೂಕವನ್ನು ನೇರವಾಗಿ ಮೇಲಕ್ಕೆಳೆದಷ್ಟೇ ಶ್ರಮ. ಮಕ್ಕಳೇ ಇದನ್ನು ಮೊದಲು ಹೇಳಿ, ತಕ್ಕಡಿಯ ಕೊಕ್ಕೆಯಿಂದ ಎಳೆದು ನೋಡಿ, ಆಮೇಲೆ ಮೋಟಾರಿಗೆ ಆ ಶಕ್ತಿ ಇದೆಯೇ ಎಂದು ಕೇಳಬಹುದು. ದೂರದ ಪರೀಕ್ಷೆಯಲ್ಲಿ ಇನ್ನಷ್ಟು ಬೆರಗು ಕಾದಿರುತ್ತದೆ. ಬಯಲಿನಲ್ಲಿ ಚೆನ್ನಾಗಿ ಕೇಳುವ ಯಂತ್ರ ಕಬ್ಬಿಣದ ಬೀರುವಿನ ಹಿಂದೆ ಕಿವುಡಾಗಬಹುದು. ನಡುವೆ ಮನುಷ್ಯರು ಗುಂಪಾಗಿ ನಿಂತರೂ ಸಂಕೇತ ಕುಗ್ಗಬಹುದು. ಟೆಲಿವಿಷನ್ನಿನ ರಿಮೋಟಿನಂತೆ ಅವಕೆಂಪು ಬೆಳಕನ್ನು ಬಳಸಿದರೆ ಬಿಸಿಲಿನಲ್ಲಿ ಅದು ಮಂಕಾಗುತ್ತದೆ. ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಬರೆದಿಡಬೇಕು.

ಗೊಂಬೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಗೆ ಈಗ ಬರಬಹುದು. ಇದಕ್ಕೊಂದು ಸುಲಭವಾದ ಪ್ರಯೋಗವಿದೆ. ಯಂತ್ರವನ್ನು ನಡೆಸುವ ಹುಡುಗಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಲಿ. ಯಂತ್ರವನ್ನು ನೋಡುತ್ತಿರುವ ಗೆಳತಿ ತಾನು ಕಂಡದ್ದನ್ನು ಮೂರು ಎಣಿಸಿದ ಮೇಲೆ ಹೇಳಲಿ. ಅಷ್ಟರಲ್ಲಿ ಯಂತ್ರ ಮೇಜಿನ ಕಾಲಿಗೆ ಬಡಿದಿರುತ್ತದೆ. ಇದು ಬರಿಯ ಆಟವಲ್ಲ. ಭೂಮಿಯಿಂದ ಚಂದ್ರನಿಗೆ ಸುಮಾರು ೩,೮೪,೦೦೦ ಕಿಲೋಮೀಟರ್. ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್ ವೇಗದ ಅಲೆಗೂ ಹೋಗಿಬರಲು ಎರಡೂವರೆ ಸೆಕೆಂಡಿಗಿಂತ ಹೆಚ್ಚು ಬೇಕು. ೧೯೭೦ರ ನವೆಂಬರ್ ೧೭ರಂದು ಚಂದ್ರನ ಮೇಲಿಳಿದ ಸೋವಿಯತ್ ಒಕ್ಕೂಟದ ಲೂನಖೋದ್ ಎಂಬ ಎಂಟು ಗಾಲಿಯ ಬಂಡಿಯನ್ನು ಕ್ರಿಮಿಯಾದಲ್ಲಿ ಕುಳಿತ ಐದು ಜನರ ತಂಡ ಹೀಗೆಯೇ ನಡೆಸಿತು. ಅವರ ಎದುರಿಗೆ ಬರುತ್ತಿದ್ದುದು ಕೆಲವು ಸೆಕೆಂಡುಗಳಿಗೊಂದರಂತೆ ನಿಶ್ಚಲ ಚಿತ್ರ. ಅದನ್ನು ನೋಡಿಯೇ ಅವರು ಸುಮಾರು ಹತ್ತು ತಿಂಗಳಲ್ಲಿ ಹತ್ತೂವರೆ ಕಿಲೋಮೀಟರ್ ಕ್ರಮಿಸಿದರು. ಅದಕ್ಕೆ ಮುಂಚೆ ಚಂದ್ರನ ನೆಲದಂತೆ ಗುಂಡಿ ದಿಣ್ಣೆಗಳನ್ನು ಮಾಡಿದ ಬಯಲೊಂದರಲ್ಲಿ ಅಭ್ಯಾಸವನ್ನೂ ಮಾಡಿದ್ದರು.

ನಮ್ಮ ಚಂದ್ರಯಾನ-೩ರ ‘ಪ್ರಜ್ಞಾನ್’ ೨೦೨೩ರ ಆಗಸ್ಟಿನಲ್ಲಿ ಚಂದ್ರನ ಮೇಲೆ ನಡೆದಾಗ ಅದಕ್ಕೆ ಅಪ್ಪಣೆಗಳು ಹೊರಟದ್ದು ಬೆಂಗಳೂರಿನಿಂದ. ಅದರ ತೂಕ ೨೬ ಕಿಲೋ, ಗಾಲಿಗಳು ಆರು, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಇರುವೆಯೂ ನಾಚಬೇಕಾದ ನಿಧಾನ. ಆದರೆ ಎದುರಿಗೆ ಏನಿದೆ ಎಂಬ ಸುದ್ದಿ ತಡವಾಗಿ ಬರುವಾಗ ನಿಧಾನವೇ ಜಾಣತನ. ಆಗಸ್ಟ್ ೨೭ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಅದಕ್ಕೆ ಅಪ್ಪಣೆಯಾಯಿತು. ಅದು ಬೇರೆ ದಾರಿ ಹಿಡಿಯಿತು. ಅಲ್ಲಿಯ ಯಶಸ್ಸಿನ ಹಿಂದೆ ಇಲ್ಲಿಯ ಪರೀಕ್ಷೆಗಳಿದ್ದವು. ಚಂದ್ರನ ಮೇಲಿಳಿಯುವ ನೌಕೆಯ ‘ಕಣ್ಣು’ಗಳನ್ನು ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಕೃತಕ ಕುಳಿಗಳನ್ನು ತೋಡಲಾಗಿತ್ತು. ಚಂದ್ರನ ಮಣ್ಣನ್ನು ಹೋಲುವ ಪುಡಿಯನ್ನು ತಮಿಳುನಾಡಿನ ಸಿತ್ತಂಪೂಂಡಿಯ ಕಲ್ಲಿನಿಂದ ತಯಾರಿಸಿದ್ದರು. ಅಪ್ಪಣೆ ತಲುಪಲು ಇನ್ನೂ ಹೆಚ್ಚು ಹೊತ್ತು ಹಿಡಿಯುವ ಮಂಗಳ ಗ್ರಹದಂಥ ಕಡೆಗಳಲ್ಲಿ ಬಂಡಿ ತಾನೇ ನೋಡಿಕೊಂಡು ನಿಲ್ಲುವುದನ್ನು, ಬಳಸಿಕೊಂಡು ಹೋಗುವುದನ್ನು ಕಲಿಯಬೇಕಾಗುತ್ತದೆ. ದಾರ ಉದ್ದವಾದಷ್ಟೂ ಗೊಂಬೆಗೆ ಒಂದಿಷ್ಟು ಸ್ವಂತ ಬುದ್ಧಿ ಬೇಕು. ಗೊಂಬೆ ರೋಬಾಟಾಗುವುದು ಅಲ್ಲಿ.

ಇಷ್ಟೆಲ್ಲ ಶ್ರಮವನ್ನು ಶಾಲೆಯ ಮಕ್ಕಳು ಏಕೆ ಪಡಬೇಕು ಎಂದು ಕೇಳಬಹುದು. ಪಾಠ ಮುಗಿಸಬೇಡವೇ, ಅಂಕ ಬೇಡವೇ ಎಂಬ ಪೋಷಕರ ಆತಂಕವೂ ಸುಳ್ಳಲ್ಲ. ಉತ್ತರವಾಗಿ ನಮ್ಮ ಪ್ರಯೋಗಶಾಲೆಗಳ ಒಂದು ಹಳೆಯ ರೂಢಿಯನ್ನು ನೆನಪಿಸುತ್ತೇನೆ. ಸರಳ ಲೋಲಕವನ್ನು ತೂಗಿಸಿ ಗುರುತ್ವದ ಬೆಲೆಯನ್ನು ಕಂಡುಹಿಡಿಯುವ ಪ್ರಯೋಗ ಎಲ್ಲರೂ ಮಾಡುವಂಥದು. ಪುಸ್ತಕದಲ್ಲಿ ೯೮೦ ಎಂದಿದೆ. ರೆಕಾರ್ಡು ಪುಸ್ತಕಗಳಲ್ಲೂ ಎಲ್ಲರದ್ದೂ ೯೮೦. ಬೆಂಗಳೂರಿನಲ್ಲಿ ಅದರ ನಿಜವಾದ ಬೆಲೆ ೯೭೮ರ ಆಸುಪಾಸು. ಅದೂ ಅಲ್ಲದೆ ಕೈಗಡಿಯಾರ ಹಿಡಿದು ಎಣಿಸಿದವನಿಗೆ ೯೫೦ ಬಂದರೂ ೧೦೧೦ ಬಂದರೂ ಆಶ್ಚರ್ಯವಿಲ್ಲ. ಎಲ್ಲರಿಗೂ ೯೮೦ ಬರುವುದು ಹೇಗೆ? ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅಳತೆಗಳನ್ನು ಬರೆಯುವುದರಿಂದ. ವಿಜ್ಞಾನದ ಹೆಸರಿನಲ್ಲಿ ನಾವು ಮಕ್ಕಳಿಗೆ ಕಲಿಸುವ ಮೊದಲನೆಯ ಸುಳ್ಳು ಇದು. ಅದಕ್ಕೆ ಪೂರ್ತಿ ಅಂಕಗಳನ್ನೂ ಕೊಡುತ್ತೇವೆ. ರೋಬಾಟಿನ ಎದುರಿಗೆ ಈ ಆಟ ನಡೆಯದು. ಅದರ ವೇಗ ಎಷ್ಟೆಂದು ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. ನೋಡಿ ಬರೆದುಕೊಳ್ಳಲು ಪಕ್ಕದವನ ಉತ್ತರವಿಲ್ಲ; ಪಕ್ಕದವನ ಯಂತ್ರ ಬೇರೆ. ಬೆಸುಗೆ ಸಡಿಲವಾಗಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಅದು ಓಡದು.

ಕೈಗೂ ತಲೆಗೂ ನಡುವೆ ನಮ್ಮ ಸಮಾಜ ಎಬ್ಬಿಸಿರುವ ಗೋಡೆಯೂ ಇಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ವರ ಗುಂಪೊಂದು ಕೆಲಸಕ್ಕೆ ಕುಳಿತಾಗ ಗಮನಿಸಿ. ರಿಮೋಟನ್ನು ಮೊದಲು ಕೈಗೆತ್ತಿಕೊಳ್ಳುವವರು ಯಾರು? ಬೆಸುಗೆ ಹಾಕುವವರು ಯಾರು? ‘ಅಕ್ಷರ ದುಂಡಾಗಿದೆ’ ಎಂಬ ಹೊಗಳಿಕೆಯೊಡನೆ ರೆಕಾರ್ಡು ಬರೆಯುವ ಕೆಲಸವನ್ನು ಹುಡುಗಿಯರಿಗೆ ಒಪ್ಪಿಸಲಾಗುತ್ತದೆ. ಮರಗೆಲಸದವನ ಮಗನಿಗೆ ಗರಗಸ ಹಿಡಿಯಲು ಹೇಳಿ, ಲೆಕ್ಕವನ್ನು ಇನ್ನೊಬ್ಬನಿಗೆ ಕೊಡಲಾಗುತ್ತದೆ. ಬೇಕೆಂದು ಯಾರೂ ಹೀಗೆ ಮಾಡುವುದಿಲ್ಲ. ಹೊರಗಿನ ಪದ್ಧತಿ ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ. ಮೇಷ್ಟರಾದವರು ಪಾಳಿ ಗೊತ್ತುಮಾಡಬೇಕು: ಈ ವಾರ ಬೆಸುಗೆ ಹಾಕಿದವರು ಮುಂದಿನ ವಾರ ಲೆಕ್ಕ ಮಾಡಬೇಕು, ಲೆಕ್ಕ ಮಾಡಿದವರು ಬೆಸುಗೆ ಹಾಕಬೇಕು. ಬೋಸರ ಪ್ರಯೋಗಾಲಯದಲ್ಲಿ ತಗಡಿನ ಕುಶಲಕರ್ಮಿಯ ಕೈಯೂ ವಿಜ್ಞಾನಿಯ ತಲೆಯೂ ಒಂದಾದದ್ದರಿಂದಲೇ ಗಂಟೆ ಬಾರಿಸಿತು.

ಈ ಕೆಲಸಕ್ಕೆ ಸರ್ಕಾರದ ಬೆಂಬಲವೂ ಬಂದಿದೆ. ೨೦೧೬ರಲ್ಲಿ ಮೊದಲಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಿಂದಾಗಿ ದೇಶದ ಸಾವಿರಾರು ಶಾಲೆಗಳಿಗೆ ಮೋಟಾರು, ಸೆನ್ಸರು, ಬೆಸುಗೆಯ ಸಲಕರಣೆಗಳು ತಲುಪಿವೆ. ಇದು ಸಂತೋಷದ ಸಂಗತಿ. ಆದರೆ ಸಾಮಾನು ತಲುಪಿದ ಕಡೆಯೆಲ್ಲ ಪ್ರಶ್ನೆಯೂ ತಲುಪಿತೆಂದು ಹೇಳಲಾಗದು. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಚಿತ್ರದಲ್ಲಿ ತೋರಿಸಿದಂತೆ ಜೋಡಿಸಿ, ಅತಿಥಿಗಳು ಬಂದ ದಿನ ಒಮ್ಮೆ ಓಡಿಸಿ, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅದು ೯೮೦ರ ಇನ್ನೊಂದು ಅವತಾರವಾಗುತ್ತದೆ, ಅಷ್ಟೇ. ಬಾಟಲಿಯ ಮುಚ್ಚಳಗಳೇ ಗಾಲಿಯಾದ, ಮೂರು ಸಲ ಮುರಿದು ನಾಲ್ಕನೆಯ ಸಲ ನಡೆದ ಯಂತ್ರ ಅದಕ್ಕಿಂತ ಎಷ್ಟೋ ಮೇಲು. ಮುರಿದದ್ದು ಏಕೆಂದು ಮಕ್ಕಳು ತಮ್ಮ ಮಾತಿನಲ್ಲಿ ಬರೆದಿಟ್ಟಿದ್ದರೆ ಆ ಪುಟಕ್ಕೆ ಹೆಚ್ಚು ಅಂಕ ಸಲ್ಲಬೇಕು. ಓಡದ ಯಂತ್ರಕ್ಕೆ ಸೊನ್ನೆ ಕೊಡುವ ಪದ್ಧತಿಯಿರುವ ತನಕ ಮಕ್ಕಳು ಓಡಿತೆಂದೇ ಬರೆಯುತ್ತಾರೆ.

‘ಸೂತ್ರ’ದಂತೆ ‘ಪರೀಕ್ಷೆ’ ಎಂಬ ಶಬ್ದವನ್ನೂ ನಾವು ಬಹಳ ಕಿರಿದಾಗಿಸಿಬಿಟ್ಟಿದ್ದೇವೆ. ಅದರ ಮೂಲದಲ್ಲಿರುವುದು ‘ಪರಿ’ ಮತ್ತು ‘ಈಕ್ಷೆ’: ಸುತ್ತಲೂ ನೋಡುವುದು, ಎಲ್ಲ ಕಡೆಯಿಂದ ನೋಡುವುದು. ಮೂರು ಗಂಟೆಯ ಕಾಲ ತಲೆ ತಗ್ಗಿಸಿ ಬರೆಯುವ ಮಗು ಸುತ್ತಲೂ ನೋಡುವುದಿರಲಿ, ಪಕ್ಕಕ್ಕೆ ತಿರುಗಿದರೂ ಅಪರಾಧ. ಅದೇ ಮಗು ವಾಲಿಕೊಂಡು ಹೋಗುವ ಪುಟ್ಟ ಯಂತ್ರದ ಹಿಂದೆ ಮಂಡಿಯೂರಿ ಕುಳಿತು, ಗಾಲಿಯನ್ನು ಎತ್ತಿ ತಿರುಗಿಸಿ, ತಂತಿಯನ್ನು ಎಳೆದು ನೋಡಿ, ಗೆಳೆಯನನ್ನು ಕೇಳಿ, ಮತ್ತೆ ನೆಲಕ್ಕೆ ಬಿಡುವಾಗ ಆ ಶಬ್ದ ತನ್ನ ಹಳೆಯ ಅರ್ಥವನ್ನು ಮರಳಿ ಪಡೆಯುತ್ತದೆ. ನಮ್ಮ ಶಾಲೆಗಳು ವಾರಕ್ಕೆ ಎರಡು ಗಂಟೆಯಾದರೂ ಮಕ್ಕಳಿಗೆ ಇಂಥ ಪರೀಕ್ಷೆಯನ್ನು ಒದಗಿಸಲಿ.